ಸಿಂಹದ ಮನೆಯಲ್ಲಿ ಪಾಸ್‌ಪೋರ್ಟ್

ನಮ್ಮವರ ಜೊತೆ, ಅಂದರೆ ನನ್ನ ಗಂಡನ ಜೊತೆ, ಹೊರಗೆ ಹೊರಟು, ಏನೂ ಆಗದೆ ಮನೆಗೆ ಬಂದ ದಿನ ಒಂದಾದರೂ ಉಂಟಾ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಇಲ್ಲ. ಹಾಲು ತರಲು ಹೋದರೆ ಲಿಫ್ಟ್ ನಡುವೆ ನಿಲ್ಲುತ್ತದೆ. ಸಮುದ್ರದ ಬದಿಗೆ ಗಾಳಿಗೆ ಹೋದರೆ ಇವರ ಒಂದು ಚಪ್ಪಲಿ ಮಾತ್ರ ವಾಪಸು ಬರುತ್ತದೆ. ದೇಶ ತಣ್ಣಗಿದ್ದಾಗಲೇ ಹೀಗೆ. ಇನ್ನು ೧೯೯೦ರ ಆಗಸ್ಟಿನಲ್ಲಿ, ಇರಾಕಿನ ಸೈನ್ಯ ಕುವೈತಿನೊಳಗೆ ಬಂದು ಕೂತ ಮೇಲೆ, ಇವರ ಜೊತೆ ಕಾಡುಪ್ರಾಣಿಗಳ ನಡುವೆ ವ್ಯಾನಿನಲ್ಲಿ ಒಂದು ದಿನ ತಿರುಗಾಡಿ ಬಂದೆ ಎಂದರೆ ನನ್ನ ಮಂಡೆ ಎಷ್ಟು ಬಿಸಿಯಾಗಿರಬೇಕು, ನೀವೇ ಹೇಳಿ.

ಶೋಕಿಗೆ ಹೋದದ್ದಲ್ಲ ಮಾರಾಯ್ರೆ. ಮರುದಿನ ಬೆಳಿಗ್ಗೆ ಇಂಡಿಯಾದವರನ್ನು ಬಾಗ್ದಾದ್ ದಾರಿಯಾಗಿ ಜೋರ್ಡಾನಿಗೆ ಕರೆದುಕೊಂಡು ಹೋಗುವ ಬಸ್ಸು ಇತ್ತು. ಅಲ್ಲಿಂದ ವಿಮಾನದಲ್ಲಿ ಬೊಂಬಾಯಿ, ಬೊಂಬಾಯಿಯಿಂದ ಊರು. ಸೀಟು ಹಂಚುತ್ತಿದ್ದವರು ಒಂದೇ ಮಾತು ಹೇಳಿದ್ದರು: "ಕೈಯಲ್ಲಿ ಪಾಸ್‌ಪೋರ್ಟ್ ಇದ್ದವರು ಹತ್ತಿ. ಇಲ್ಲದವರಿಗೆ ಮುಂದಿನ ಬಸ್ಸು ಯಾವಾಗ ಅಂತ ನಮಗೂ ಗೊತ್ತಿಲ್ಲ."

ನಮ್ಮ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ನಮ್ಮದು ಮಾತ್ರ ಅಲ್ಲ, ಇವರ ಆಫೀಸಿನಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಬೀದಿಯಲ್ಲಿ ಟ್ಯಾಂಕು ತಿರುಗುತ್ತಿತ್ತು, ಅಂಗಡಿಗಳು ಒಂದೊಂದೇ ಬಾಗಿಲು ಹಾಕುತ್ತಿದ್ದವು, ರೊಟ್ಟಿಗೆ ಉದ್ದ ಸಾಲು. ಸಾಲ್ಮಿಯಾದ ನಮ್ಮ ಫ್ಲಾಟಿನಲ್ಲಿ ಕೂತು ನಾನು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡುವುದು, ಮುಚ್ಚುವುದು, ಮತ್ತೆ ತೆಗೆದು ನೋಡುವುದು. ನೋಡಿದರೆ ಅಕ್ಕಿ ಹೆಚ್ಚುತ್ತದಾ?

೧. ಕಳ್ಳ ಬರದ ಜಾಗ

ಗಲ್ಫಿನಲ್ಲಿ ದುಡಿದವರಿಗೆ ಇದು ಗೊತ್ತಿರುವ ವಿಷಯ. ನಮ್ಮನ್ನು ಕರೆಸಿಕೊಂಡ ಧಣಿಗೆ ಕಫೀಲ್ ಎನ್ನುತ್ತಾರೆ. ನಾವು ವಿಮಾನ ಇಳಿದ ಕೂಡಲೇ ಪಾಸ್‌ಪೋರ್ಟ್ ಅವನ ಕೈಗೆ ಹೋಗುತ್ತದೆ. ಮತ್ತೆ ರಜೆಯಲ್ಲಿ ಊರಿಗೆ ಹೊರಟಾಗಲೇ ಅದರ ಮುಖ ಕಾಣಲು ಸಿಗುವುದು. ಇದೆಲ್ಲ ಸರಿಯಾ ತಪ್ಪಾ ಎಂದು ಯಾರೂ ಕೇಳುತ್ತಿರಲಿಲ್ಲ, ಪದ್ಧತಿ ಹಾಗೆ.

ನಮ್ಮವರು ಕುವೈತ್ ಪೇಟೆಯ ಶರ್ಕ್ ಎಂಬಲ್ಲಿ ಒಂದು ಟ್ರೇಡಿಂಗ್ ಆಫೀಸಿನಲ್ಲಿ ಕ್ಲರ್ಕು. ಅವರ ಕಫೀಲ್ ಮನುಷ್ಯ ಒಳ್ಳೆಯವನೇ, ಆದರೆ ಒಂದು ಹುಚ್ಚು ಇತ್ತು. ಹಿಂದೊಮ್ಮೆ ಆಫ್ರಿಕಾಕ್ಕೆ ಹೋಗಿ, ತಾನೇ ಕಾರು ಓಡಿಸಿಕೊಂಡು ಪ್ರಾಣಿಗಳ ನಡುವೆ ತಿರುಗಾಡಿ ಬಂದಿದ್ದ. ಬಂದವನಿಗೆ ಮತ್ತೆ ನಿದ್ದೆಯಿಲ್ಲ. ಅಹ್ಮದಿ ಪಟ್ಟಣ ದಾಟಿ ದಕ್ಷಿಣಕ್ಕೆ, ಮರಳುಗಾಡಿನಲ್ಲಿ ಅವನದೊಂದು ದೊಡ್ಡ ತೋಟ ಇತ್ತು. ಅದಕ್ಕೆ ಸುತ್ತ ಬೇಲಿ ಹಾಕಿಸಿ, ಒಳಗೆ ಗುಂಡಗೆ ಡಾಂಬರು ರಸ್ತೆ ಮಾಡಿಸಿ, ಉಷ್ಟ್ರಪಕ್ಷಿ, ಜೀಬ್ರಾ, ಕೊನೆಗೆ ಒಂದು ಸಿಂಹವನ್ನೂ ತರಿಸಿದ. ಶುಕ್ರವಾರ ನೆಂಟರಿಷ್ಟರು ತಮ್ಮ ತಮ್ಮ ಕಾರಿನಲ್ಲಿ ಒಂದು ಸುತ್ತು ಹಾಕುವುದು, ಆಮೇಲೆ ನಡುವೆ ಇರುವ ಬಂಗ್ಲೆಯಲ್ಲಿ ಉಣ್ಣುವುದು. ಸಿಂಹ ಬಂಗ್ಲೆಯ ಅಂಗಳದಲ್ಲಿ ಬೋನಿನೊಳಗೆ ಇರುತ್ತಿತ್ತು.

ನಮ್ಮ ಪಾಸ್‌ಪೋರ್ಟುಗಳು ಇದ್ದದ್ದು ಆ ಬಂಗ್ಲೆಯ ಕಪಾಟಿನಲ್ಲಿ.

"ಯಾಕೆ, ಆಫೀಸಿನಲ್ಲಿ ಕಪಾಟು ಇರಲಿಲ್ವಾ?" ಎಂದು ನಾನು ಕೇಳಿದೆ.

"ಆಫೀಸಿಗೆ ಕಳ್ಳ ಬರಬಹುದು, ಸಿಂಹ ಇರುವಲ್ಲಿಗೆ ಬರುವುದಿಲ್ಲ ಅಂತ ಅವನ ಲೆಕ್ಕ," ಎಂದರು ನಮ್ಮವರು.

"ಅವನು ಹಾಗೆ ಹೇಳಿದಾಗ ನೀವು ಎಂಥ ಹೇಳಿದ್ರಿ?"

"ಒಳ್ಳೆ ಐಡಿಯಾ ಸರ್ ಅಂತ ಹೇಳಿದೆ."

ನನಗೆ ಬಂದ ಸಿಟ್ಟಿಗೆ ಅಕ್ಕಿ ಡಬ್ಬಿಯನ್ನೇ ಎತ್ತಿ ಹಾಕಬೇಕು ಅನ್ನಿಸಿತು. ಅಕ್ಕಿ ಚೆಲ್ಲುತ್ತದಲ್ಲ ಎಂದು ಬಿಟ್ಟೆ.

ಕಫೀಲ್ ಜುಲೈಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಯುರೋಪಿಗೆ ಹೋದವನು ಅಲ್ಲೇ ಬಾಕಿ. ನಮ್ಮ ಬಿಲ್ಡಿಂಗಿನ ಕೆಳಗೆ ತರಕಾರಿ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕ ಇಲ್ಲದಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಾಕ ಬಂಟ್ವಾಳದ ಕಡೆಯವರು, ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು. ಬಾಡಿದ ಕೋಸು, ಕ್ಯಾರೆಟು ಎಲ್ಲ ತಮ್ಮ ವ್ಯಾನಿನಲ್ಲಿ ಹೇರಿಕೊಂಡು ವಾರಕ್ಕೊಮ್ಮೆ ಆ ತೋಟಕ್ಕೆ ಕೊಟ್ಟು ಬರುತ್ತಿದ್ದರು. ಪ್ರಾಣಿ ನೋಡಿಕೊಳ್ಳುತ್ತಿದ್ದ ಸುಡಾನಿನವನು ಊರಿಗೆ ಹೊರಡುವಾಗ ಕೀಲಿಕೈ ಗೊಂಚಲು ಕಾಕನ ಕೈಗೆ ಕೊಟ್ಟು, "ಆಫೀಸಿನವರು ಬಂದರೆ ಕೊಡು," ಎಂದು ಹೇಳಿ ಹೋಗಿದ್ದ.

ಕಾಕನ ಪಾಸ್‌ಪೋರ್ಟ್ ಕಾಕನ ಹತ್ತಿರವೇ ಇತ್ತು. ಅವರಿಗೆ ನಮ್ಮ ಜೊತೆ ಬರಬೇಕೆಂದೇನೂ ಇರಲಿಲ್ಲ. "ನಿಮ್ಮನ್ನು ಇಲ್ಲಿ ಬಿಟ್ಟು ನಾನು ಊರಿಗೆ ಹೋದರೆ ಬಸ್‌ಸ್ಟ್ಯಾಂಡಿನಲ್ಲಿ ಜನ ಕೇಳುವುದಿಲ್ವಾ ಅಕ್ಕ? ಬನ್ನಿ, ವ್ಯಾನು ಉಂಟು," ಎಂದರು. ದೇವರಂಥ ಮನುಷ್ಯ. ಅವರ ವ್ಯಾನು ಮಾತ್ರ ಹಾಗಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ನಾವು ತರಬೇಕಾದ ಪಾಸ್‌ಪೋರ್ಟ್ ಮೂರು: ಇವರದ್ದು, ನನ್ನದು, ಜೊತೆಗೆ ನಮ್ಮ ಅತ್ತೆಯದ್ದು. ಅತ್ತೆ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಮಗನ ಮನೆ ನೋಡಿ ಹೋಗಲು ಬಂದು ಸಿಕ್ಕಿಬಿದ್ದವರು. "ನೀವು ಮನೆಯಲ್ಲೇ ಇರಿ, ಅಲ್ಲಿ ಸಿಂಹ ಉಂಟು," ಎಂದು ಇವರು ಹೇಳಿದಾಗ ಅತ್ತೆ ಆಗಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ನಾನು ಇಲ್ಲಿ ಒಬ್ಬಳೇ ಕೂರುವುದಿಲ್ಲ ಮಗಾ. ಕೆಳಗೆ ಬಂದೂಕು ಹಿಡಿದವರು ತಿರುಗುತ್ತಾರೆ. ಸಿಂಹದ ಹತ್ತಿರ ಬಂದೂಕು ಇಲ್ಲವಲ್ಲ!"

೨. ಅತ್ತೆಯ ಉಂಡೆ

ಅಹ್ಮದಿ ದಾಟಿದ ಮೇಲೆ ರಸ್ತೆಗೆ ಡ್ರಮ್ಮು ಅಡ್ಡ ಇಟ್ಟು ಸೈನಿಕರು ನಿಂತಿದ್ದರು. ಕಾಕ ಮೊದಲೇ ಧೈರ್ಯ ಹೇಳಿದ್ದರು. "ನೀವು ಯಾರೂ ಬಾಯಿ ಬಿಡಬೇಡಿ. ಅರಬ್ಬಿ ನನಗೆ ನೀರು ಕುಡಿದ ಹಾಗೆ. ಎಲ್ಲ ನಾನು ಮಾತಾಡ್ತೇನೆ."

ನಾವು ಬಾಯಿ ಮುಚ್ಚಿ ಕೂತೆವು. ಬಂದವನು ಮೀಸೆ ಈಗಷ್ಟೇ ಮೂಡಿದ ಹುಡುಗ, ಬಂದೂಕು ಅವನಿಗಿಂತ ದೊಡ್ಡದು. ಅವನ ಮುಖದಲ್ಲೂ ಹೆದರಿಕೆ ಇತ್ತು, ಅದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆ. ಹಿಂದಿನ ಬಾಗಿಲು ತೆಗೆಸಿ, ಅತ್ತೆಯ ಮಡಿಲಲ್ಲಿದ್ದ ಪ್ಲಾಸ್ಟಿಕ್ ತೊಟ್ಟೆಗೆ ಕೈ ಹಾಕಿದ. ಕೈಗೆ ಗುಂಡಗೆ, ಗಟ್ಟಿಯಾಗಿ ಏನೋ ಸಿಕ್ಕಿತು. ತಕ್ಷಣ ಕೈ ಹಿಂದೆ ತೆಗೆದು, ಮೂರು ಹೆಜ್ಜೆ ಹಾರಿ, ಬಂದೂಕು ಎತ್ತಿಬಿಟ್ಟ. ಇನ್ನೊಬ್ಬ ಓಡಿ ಬಂದ.

ಅದು ನೆಲಗಡಲೆ ಉಂಡೆ. ಬಸ್ಸಿನ ದಾರಿಗೆ ಬೇಕಾಗುತ್ತದೆ ಎಂದು ಅತ್ತೆ ಮಾಡಿದ್ದು. ಬೆಲ್ಲದ ಪಾಕ ಎರಡು ಕುದಿ ಜಾಸ್ತಿ ಹೋಗಿತ್ತು. ಮನೆಯಲ್ಲಿ ಒಂದು ಕೈತಪ್ಪಿ ಬಿದ್ದಾಗ ಕೆಳಗಿನ ಮಹಡಿಯವರು ಮೇಲೆ ಬಂದು ವಿಚಾರಿಸಿ ಹೋಗಿದ್ದರು.

"ತಿನ್ನುವುದು, ತಿನ್ನುವುದು!" ಎಂದು ಅತ್ತೆ ತುಳುವಿನಲ್ಲಿ ಹೇಳುತ್ತಾ ಬಾಯಿ ತೋರಿಸಿದರು. ಬಾಯಲ್ಲಿ ಹಲ್ಲಿಲ್ಲ. ಸೈನಿಕನಿಗೆ ಸಂಶಯ ಹೆಚ್ಚಾಯಿತು. ಬಂದೂಕಿನ ತುದಿಯಿಂದ ಕಾಕನನ್ನು ತೋರಿಸಿ, ನೀನು ತಿನ್ನು ಎಂದ. ಕಾಕ ನಕ್ಕು, ಒಂದು ಉಂಡೆ ತೆಗೆದು, ಶಕ್ತಿಯೆಲ್ಲ ಹಾಕಿ ಕಚ್ಚಿದರು.

ಕಾಕನದ್ದು ಕಟ್ಟಿಸಿದ ಹಲ್ಲು ಎಂದು ನಮಗೆ ಆಗಲೇ ಗೊತ್ತಾದದ್ದು. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು, ನಡುವೆ ಉಂಡೆ. ಮೂರೂ ಒಂದಾಗಿ ಕೂತವು. ಈಗ ಸೈನಿಕ ಪ್ರಶ್ನೆ ಕೇಳಲು ಶುರು ಮಾಡಿದ. ಕಾಕ "ಮ್ಮ್, ಮ್ಮ್" ಎನ್ನುತ್ತಾ ಕೈ ಆಡಿಸಿದರು, ಕಣ್ಣಲ್ಲಿ ನೀರು. ಅರಬ್ಬಿ ಬಲ್ಲ ಒಬ್ಬನೇ ಒಬ್ಬ ಮನುಷ್ಯನ ಬಾಯಿಗೆ ಬೀಗ.

ಆಗ ನಮ್ಮವರು ಮುಂದೆ ಬಂದರು. ಇಷ್ಟು ವರ್ಷ ಕುವೈತಿನಲ್ಲಿದ್ದು ಇವರು ಕಲಿತ ಅರಬ್ಬಿ ಶಬ್ದ ಒಂದು ಕೈಯ ಬೆರಳಿಗೆ ಸಾಕು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದಿರಬೇಕು. ಇವರು "ಯಲ್ಲಾ!" ಎಂದರು, ಹಾಗೆಂದರೆ ನಡೀರಿ ನಡೀರಿ. ಯಾಕೆ ಹೋಗುತ್ತೀರಿ ಎಂದಿರಬೇಕು. "ಇನ್ಶಾ ಅಲ್ಲಾ," ಎಂದರು, ದೇವರಿಟ್ಟ ಹಾಗೆ. ವಾಪಸು ಯಾವಾಗ ಎಂದು ಕೈ ತಿರುಗಿಸಿ ಕೇಳಿದ. ಇವರು ತುಂಬ ಯೋಚಿಸಿ, "ಖಲಾಸ್," ಎಂದುಬಿಟ್ಟರು. ನಮ್ಮ ಕಥೆ ಮುಗಿಯಿತು ಎಂದು ಇವರೇ ಹೇಳಿದ ಹಾಗಾಯಿತು. ನಾನು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಆ ಹುಡುಗ ನಗುತ್ತಿದ್ದ. ಎಷ್ಟು ದಿನದ ಮೇಲೆ ನಕ್ಕನೋ ಪಾಪ, ಅವನ ಜೊತೆಯವನೂ ನಕ್ಕ. ಅತ್ತೆ ಅವನ ಕೈಗೆ ಎರಡು ಉಂಡೆ ಹಾಕಿ, "ನಿಧಾನ ಚೀಪಿಕೊಂಡು ತಿನ್ನು ಮಗಾ, ಕಚ್ಚಬೇಡ," ಎಂದು ತುಳುವಿನಲ್ಲೇ ಹೇಳಿದರು. ಅವನು ತಲೆಯಾಡಿಸಿ ಡ್ರಮ್ಮು ಸರಿಸಿದ.

ಬಹಳ ದೂರ ಹೋದ ಮೇಲೆ ಕಾಕನ ಹಲ್ಲು ಬಿಟ್ಟುಕೊಂಡಿತು. ಬಿಟ್ಟುಕೊಂಡ ಬಾಯಲ್ಲಿ ಬಂದ ಮೊದಲ ಮಾತು: "ಅಮ್ಮ, ಈ ಉಂಡೆಯನ್ನು ನೀವು ಆಗಸ್ಟಿಗೆ ಮೊದಲೇ ಗಡಿಯಲ್ಲಿ ಹಂಚಬೇಕಿತ್ತು. ಆ ಸೈನ್ಯ ಇನ್ನೂ ಅಲ್ಲೇ ಅಗಿಯುತ್ತಾ ಇರುತ್ತಿತ್ತು."

೩. ಕೋಸಿನ ವ್ಯಾನು

ತೋಟದ ಗೇಟಿನಲ್ಲಿ ದೊಡ್ಡ ಬೋರ್ಡು ಇತ್ತು, ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ. ನಮ್ಮವರು ಕನ್ನಡಕ ಸರಿಮಾಡಿಕೊಂಡು, ಆಫೀಸಿನ ಗತ್ತಿನಲ್ಲಿ ಅದನ್ನು ನಮಗೆ ಓದಿ ಹೇಳಿದರು. "ಗಾಡಿಯಿಂದ ಇಳಿಯಬಾರದು. ಕಿಟಕಿ ಗಾಜು ಇಳಿಸಬಾರದು. ಹಾರ್ನ್ ಹೊಡೆಯಬಾರದು. ಎಲ್ಲರಿಗೂ ಅರ್ಥವಾಯಿತಲ್ಲ?"

ಕಾಕ ಗಂಟಲು ಸರಿಮಾಡಿಕೊಂಡರು. "ಇಳಿಯುವುದು ಬೇಡ, ಸರಿ. ಆದರೆ ನಿಮ್ಮ ಬದಿಯ ಗಾಜು ಮೇಲೆ ಬರುವುದಿಲ್ಲ ಮಾರಾಯ್ರೆ. ಅದು ಹೋಗಿ ಎರಡು ವರ್ಷ ಆಯಿತು."

"ಮತ್ತೆ?"

"ಹಾರ್ನ್ ನಾನು ಹೊಡೆಯುವುದಿಲ್ಲ. ಎಡಕ್ಕೆ ತಿರುಗಿಸಿದರೆ ಅದೇ ಹೊಡೆದುಕೊಳ್ಳುತ್ತದೆ."

ಒಳಗಿನ ರಸ್ತೆ ಗುಂಡಗೆ ಇತ್ತು ಎಂದೆನಲ್ಲ. ಗೇಟಿನಿಂದ ಬಂಗ್ಲೆಯವರೆಗೆ ಅದು ಎಡಕ್ಕೇ ತಿರುಗುತ್ತಾ ಹೋಗುತ್ತದೆ. ಹಾಗಾಗಿ ನಾವು ದಿಬ್ಬಣದ ಕಾರಿನ ಹಾಗೆ ಪೋಂ ಎಂದು ಊದಿಕೊಂಡೇ ಒಳಗೆ ಹೋದೆವು. ಸುತ್ತ ಒಂದು ಜೀವ ಕಾಣಲಿಲ್ಲ. ಒಣಗಿದ ಗಿಡ, ಮರಳು, ಉರಿಬಿಸಿಲು. ನಾನು ಕಟೀಲಿನ ಅಮ್ಮನಿಗೆ ಹೂವಿನಪೂಜೆಯ ಹರಕೆ ಹೇಳಿಕೊಂಡೆ. ಆಮೇಲೆ ಇದಕ್ಕೆ ಹೂವಿನಪೂಜೆ ಸಾಲದು ಅನ್ನಿಸಿ ದೊಡ್ಡದೇ ಒಂದು ಸೇವೆ ಹೇಳಿಕೊಂಡೆ.

ಹೇಳಿ ಮುಗಿಯಲಿಲ್ಲ, ದೂರದಲ್ಲಿ ಧೂಳು ಎದ್ದಿತು. "ಕಾಕ, ಅದೆಂಥದ್ದು?" ಎಂದರು ಇವರು. ಧೂಳಿನೊಳಗಿಂದ ಕಾಲುಗಳು ಕಂಡವು, ಆಮೇಲೆ ಕುತ್ತಿಗೆ. ಉಷ್ಟ್ರಪಕ್ಷಿಗಳು! ಒಂದೆರಡಲ್ಲ, ಒಂದು ಹಿಂಡು, ನಮ್ಮ ಕಡೆಗೇ ಓಡಿ ಬರುತ್ತಿವೆ. ಅವುಗಳ ಹಿಂದೆ ಜೀಬ್ರಾಗಳು. "ಹಿಂದೆ ತೆಗೀರಿ, ಹಿಂದೆ ತೆಗೀರಿ!" ಎಂದು ಇವರು ಕಿರುಚಿದರು. ಕಾಕ ಹಿಂದೆ ತೆಗೆಯಲು ಸ್ಟೇರಿಂಗು ತಿರುಗಿಸಿದರು. ಪೋಂ! ಪ್ರಾಣಿಗಳು ಇನ್ನೂ ಜೋರಾಗಿ ಓಡಿ ಬಂದವು.

ಆಗ ಕಾಕನಿಗೆ ಹೊಳೆಯಿತು. "ಅಯ್ಯೋ, ಇವು ಹೊಡೆಯಲಿಕ್ಕೆ ಬರುವುದಲ್ಲ. ನನ್ನ ಹಾರ್ನ್ ಗುರುತು ಸಿಕ್ಕಿದೆ. ಕೋಸು ಬಂತು ಅಂತ ಬರುತ್ತಿವೆ!"

ವ್ಯಾನಿನಲ್ಲಿ ಕೋಸು ಇರಲಿಲ್ಲ. ಊರಿನಲ್ಲೇ ಕೋಸು ಇರಲಿಲ್ಲ. ಅದನ್ನು ಅವಕ್ಕೆ ಹೇಳುವವರು ಯಾರು? ಸುತ್ತ ನಿಂತು ವ್ಯಾನನ್ನು ಕುಟ್ಟತೊಡಗಿದವು. ಇವರ ಬದಿಯ ಗಾಜಿಲ್ಲದ ಕಿಟಕಿಯಿಂದ ಒಂದು ತಲೆ ಒಳಗೆ ಬಂತು. ಒಂದು ಅಂಗೈಯಷ್ಟು ದೂರದಿಂದ ಇವರನ್ನು ನೋಡಿತು, ಇವರು ಅದನ್ನು ನೋಡಿದರು. ಆಮೇಲೆ ಇವರ ಕಿಸೆಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಎಳೆದುಕೊಂಡಿತು. ಇವರು "ತೆಗೆದುಕೊಳ್ಳಿ, ಪರವಾಗಿಲ್ಲ," ಎಂದು ಕೈ ಮುಗಿದರು. ಪಕ್ಷಿಗೆ ಬಹುವಚನ! ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಲ್ಲ. ನಾನು ಕರಿಮಣಿಯನ್ನು ರವಿಕೆಯೊಳಗೆ ತುರುಕಿ ಸೀಟಿನ ಕೆಳಗೆ ಬಗ್ಗಿದೆ.

"ಬಾಯಿಲ್ಲದ ಜೀವಗಳು. ಬರಿಗೈಯಲ್ಲಿ ಬರುವುದಾ ಕಾಕ?" ಎಂದು ಅತ್ತೆ ಗದರಿದರು. ಮಧ್ಯಾಹ್ನಕ್ಕೆಂದು ಕಟ್ಟಿದ ಚಪಾತಿಯನ್ನು ಹಿಂದಿನ ಕಿಟಕಿಯಿಂದ ಒಂದೊಂದೇ ಎಸೆದರು. ಚಪಾತಿ ಮುಗಿಯಿತು, ಅವುಗಳ ಹಸಿವು ಮುಗಿಯಲಿಲ್ಲ. ಕೊನೆಗೆ ಉಂಡೆಯ ತೊಟ್ಟೆಗೆ ಕೈ ಹಾಕಿದರು. ಒಂದು ಉಷ್ಟ್ರಪಕ್ಷಿ ಉಂಡೆಯನ್ನು ಇಡಿಯಾಗಿ ನುಂಗಿಬಿಟ್ಟಿತು. ಆ ಉದ್ದದ ಕುತ್ತಿಗೆಯಲ್ಲಿ ಉಂಡೆ ಮೆಲ್ಲ ಮೆಲ್ಲ ಕೆಳಗಿಳಿಯುವುದನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಇಳಿಯಿತು. ಪಕ್ಷಿ ಕಣ್ಣು ಪಿಳಿಪಿಳಿ ಮಾಡಿ ಇನ್ನೊಂದಕ್ಕೆ ಬಾಯಿ ತೆರೆಯಿತು.

ಅತ್ತೆ ಇನ್ನೊಂದು ಉಂಡೆ ಅದರ ಬಾಯಿಗೆ ಹಾಕಿದರು. "ನೋಡು ಮಗಾ, ನನ್ನ ಉಂಡೆಗೆ ಒಂದು ಮಾತೂ ಆಡದೆ ತಿಂದದ್ದು ಇದೊಂದೇ."

೪. ಕೇಳದೆ ಬಿಟ್ಟ ಪ್ರಶ್ನೆ

ತಿನ್ನಲು ಇನ್ನೇನೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಪ್ರಾಣಿಗಳು ದಾರಿ ಬಿಟ್ಟು ಹೋದವು. ಬಂಗ್ಲೆಯ ಸುತ್ತ ಇನ್ನೊಂದು ಬೇಲಿ, ಅದಕ್ಕೊಂದು ಗೇಟು. ನಾನು ಕೆಳಗಿಳಿದು ಕೊಂಡಿ ತೆಗೆದೆ, ವ್ಯಾನು ಒಳಗೆ ಹೋಯಿತು, ನಾನು ಹತ್ತಿ ಕೂತೆ. ಅಂಗಳದ ಮೂಲೆಯಲ್ಲಿ ಬೋನು ಕಂಡಿತು.

"ಸಿಂಹದ ಬೋನು ಅದೇ ಅಲ್ವಾ ಕಾಕ?" ಎಂದರು ನಮ್ಮವರು.

"ಅದೇ."

"ಸಿಂಹ ಈಗಲೂ ಉಂಟಾ?"

"ಉಂಟು. ಆಚೆ ತೋಟದ ಮುದುಕ ಆಗಾಗ ಬಂದು ಆಡು ಹಾಕಿ ಹೋಗುತ್ತಾನಂತೆ."

"ಬೋನಿನ ಬಾಗಿಲು ತೆರೆದ ಹಾಗೆ ಕಾಣುತ್ತದಲ್ಲ?"

"ಹೌದು, ಸುಡಾನಿನವನು ಹೋಗುವಾಗ ತೆರೆದಿಟ್ಟು ಹೋಗಿದ್ದಾನೆ. ನೀರಿನ ತೊಟ್ಟಿ ಹೊರಗೆ ಉಂಟಲ್ಲ, ಪಾಪ, ಕುಡಿಯಬೇಡವಾ?"

ನಮ್ಮವರು ಗಾಜಿಲ್ಲದ ಕಿಟಕಿ ಬಿಟ್ಟು ಈಚೆ ಸರಿದು ಕೂತರು.

"ಇದನ್ನು ನೀವು ಸಾಲ್ಮಿಯಾದಲ್ಲೇ ಯಾಕೆ ಹೇಳಲಿಲ್ಲ?" ಎಂದು ನಾನು ಕೇಳಿದೆ.

"ನೀವು ಕೇಳಲಿಲ್ಲವಲ್ಲ ಅಕ್ಕ!"

ಸಿಂಹವನ್ನು ಹುಡುಕಬೇಕಾಗಲಿಲ್ಲ. ಬಂಗ್ಲೆಯ ಜಗಲಿಯ ಮೇಲೆ, ಸರಿಯಾಗಿ ಮುಂಬಾಗಿಲಿಗೆ ಅಡ್ಡಲಾಗಿ ಮಲಗಿತ್ತು. ಮುದಿ ಸಿಂಹ, ಕೇಸರ ಅಲ್ಲಲ್ಲಿ ಉದುರಿತ್ತು. ಆದರೂ ಸಿಂಹ ಸಿಂಹವೇ ತಾನೇ? ವ್ಯಾನಿನ ಸದ್ದಿಗೆ ಒಂದು ಕಣ್ಣು ತೆರೆದು ನಮ್ಮನ್ನು ನೋಡಿತು.

"ನಿನ್ನೆ ಆ ಮುದುಕ ಆಡು ಹಾಕಿದ್ದಾನಾ?" ಎಂದು ಇವರು ಪಿಸುಗುಟ್ಟಿದರು.

"ಅದು ಅವನನ್ನು ಕೇಳಬೇಕು, ಇಲ್ಲದಿದ್ದರೆ ಸಿಂಹವನ್ನು ಕೇಳಬೇಕು," ಎಂದರು ಕಾಕ.

ಹಿಂದೆ ಹೋಗುವ, ಮುಂದಿನ ಬಸ್ಸು ನೋಡುವ ಎಂದರು ಇವರು. ನನಗೆ ಅಳು ಬಂದುಬಿಟ್ಟಿತು. ಅತ್ತುಕೊಂಡೇ ಹೇಳಿದೆ, ಮುಂದಿನ ಬಸ್ಸು ಯಾರು ಕಂಡಿದ್ದಾರೆ, ಮನೆಯಲ್ಲಿ ಅಕ್ಕಿ ತಳ ಕಾಣುತ್ತಿದೆ, ಅತ್ತೆಯ ಮಾತ್ರೆ ಮುಗಿಯುತ್ತಾ ಬಂದಿದೆ, ಈ ಬಾಗಿಲಿನವರೆಗೆ ಬಂದು ಬರಿಗೈಯಲ್ಲಿ ಹೋದರೆ ನಾವು ಊರು ಕಾಣುವುದು ಯಾವ ಕಾಲಕ್ಕೆ? ಬಂಗ್ಲೆಗೆ ಹಿಂದೆ ಅಡುಗೆಮನೆಯ ಬಾಗಿಲು ಉಂಟು ಎಂದು ಕಾಕ ಹೇಳಿದರು. ಯಾರಾದರೂ ಒಬ್ಬರು ಅಲ್ಲಿಂದ ನುಗ್ಗಿ ತರಬೇಕು. ಎಲ್ಲರೂ ಇವರನ್ನೇ ನೋಡಿದೆವು.

ಇವರ ಮುಖ ಬಿಳುಚಿಕೊಂಡಿತು. "ಸಿಂಹ ನನ್ನನ್ನು ತಿಂದರೆ ಆಮೇಲೆ ಪಾಸ್‌ಪೋರ್ಟ್ ಇಟ್ಟುಕೊಂಡು ಎಂಥ ಮಾಡುವುದು?"

ಅತ್ತೆ ಸಮಾಧಾನದ ದನಿಯಲ್ಲಿ ಹೇಳಿದರು: "ನಮ್ಮದೂ ಅಲ್ಲೇ ಉಂಟಲ್ಲ ಮಗಾ."

೫. ಹುಲಿ ಮತ್ತು ಸಿಂಹ

ಉಪಾಯ ಕಾಕನದ್ದು. ವ್ಯಾನಿನಲ್ಲಿ ಖಾಲಿ ಎಣ್ಣೆ ಡಬ್ಬಿ ಇತ್ತು. ಕಾಕ ಕೂತಲ್ಲಿಂದಲೇ ಅದನ್ನು ಬಡಿಯುವುದು, ಸಿಂಹ ಆ ಕಡೆ ನೋಡುತ್ತಿರುವಾಗ ಇವರು ಇಳಿದು ಹಿಂಬದಿಗೆ ಓಡುವುದು. ಇವರು ಕೀಲಿಕೈ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಮುಖವನ್ನೊಮ್ಮೆ ನೋಡಿ ಇಳಿದರು. ಬೆಳಗಿನಿಂದ ಇವರಿಗೆ ಬೈದದ್ದೆಲ್ಲ ನೆನಪಾಗಿ ನನ್ನ ಕರುಳು ಚುರುಕ್ ಎಂದಿತು.

ಅರ್ಧ ಅಂಗಳ ದಾಟಿದ್ದರು, ಕಾಕ ಡಬ್ಬಿ ಬಡಿಯಲು ಶುರು ಮಾಡಿದರು. ಸುಮ್ಮನೆ ಗದ್ದಲ ಮಾಡಬೇಕಿತ್ತು, ಅಷ್ಟೇ. ಆದರೆ ಬಂಟ್ವಾಳದ ಕೈ ಅಲ್ವಾ? ಚಿಕ್ಕಂದಿನಲ್ಲಿ ಹುಲಿವೇಷದ ಹಿಂದೆ ಊರಿಡೀ ಓಡಿದ ಮನುಷ್ಯ. ಗಾಬರಿಯಲ್ಲಿ ಕೈ ತನ್ನಷ್ಟಕ್ಕೆ ತಾಸೆ ಡೋಲಿನ ಪೆಟ್ಟು ಹಾಕತೊಡಗಿತು. ಅದೇ, ಕೃಷ್ಣಾಷ್ಟಮಿಗೆ ಹುಲಿ ಕುಣಿಸುವ ಪೆಟ್ಟು!

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವರು ಕುವೈತಿನ ವೀಸಾ ಬರುವವರೆಗೆ ಉಡುಪಿಯಲ್ಲಿ ಪ್ರತಿ ಅಷ್ಟಮಿಗೆ ಮೈಗೆ ಬಣ್ಣ ಬಳಿದುಕೊಂಡು, ಬಾಲ ಕಟ್ಟಿಕೊಂಡು ಹುಲಿ ಕುಣಿಯುತ್ತಿದ್ದವರು. ನಮ್ಮ ಮದುವೆಯ ದಿಬ್ಬಣದಲ್ಲೂ ಯಾರೋ ತಾಸೆ ಬಡಿದರೆಂದು ಮದುಮಗನೇ ಕುಣಿಯಲು ಹೊರಟು, ಹಿರಿಯರು ಹಿಡಿದು ಕೂರಿಸಿದ್ದರು. ತಾಸೆ ಕೇಳಿದರೆ ಇವರ ಕಾಲು ಇವರ ಮಾತು ಕೇಳುವುದಿಲ್ಲ.

ಸದ್ದಿಗೆ ಸಿಂಹ ಎದ್ದು ನಿಂತಿತು. ನಿಂತು, ಅಂಗಳದ ನಡುವೆ ಒಬ್ಬರೇ ಇರುವ ಇವರನ್ನು ನೋಡಿ ಗುರ್ ಎಂದಿತು. ಇವರು ಅಲ್ಲೇ ಕಲ್ಲಾದರು. ಓಡಲೂ ಇಲ್ಲ, ಕೂಗಲೂ ಇಲ್ಲ. ಕಾಕನ ಕೈ ನಿಲ್ಲಲಿಲ್ಲ. ಆಗ ನೋಡಿ, ಇವರ ಬಲಗಾಲು ಮೆಲ್ಲಗೆ ಎದ್ದಿತು. ಎಡಗಾಲು ಎದ್ದಿತು. ಎರಡೂ ಕೈ ಪಂಜದ ಹಾಗೆ ಮೇಲೆ ಹೋಯಿತು. ಪ್ಯಾಂಟು, ಶರ್ಟು, ಕನ್ನಡಕ ಹಾಕಿಕೊಂಡು ಟ್ರೇಡಿಂಗ್ ಆಫೀಸಿನ ಕ್ಲರ್ಕು ನಿಜವಾದ ಸಿಂಹದ ಎದುರು ಹುಲಿ ಕುಣಿಯಲು ಶುರು ಮಾಡಿದರು.

ಸಿಂಹ ಗುರುಗುಟ್ಟುವುದನ್ನು ನಿಲ್ಲಿಸಿತು. ತಲೆ ಓರೆ ಮಾಡಿ ನೋಡಿತು. ಆಮೇಲೆ ಜಗಲಿಯಲ್ಲಿ ಮುಂದಿನ ಕಾಲು ಚಾಚಿ ಕೂತುಕೊಂಡಿತು.

"ನಿಲ್ಲಿಸಬೇಡಿ ಮಾರಾಯ್ರೆ, ಅದಕ್ಕೆ ಹಿಡಿಸಿದೆ!" ಎಂದು ಕಾಕ ಕೂಗಿದರು.

"ನಾನು ಕುಣಿದರೆ ಒಳಗೆ ಹೋಗುವುದು ಯಾರು?" ಎಂದು ಇವರು ಕುಣಿಯುತ್ತಲೇ ಕೇಳಿದರು.

ಯಾರು ಅಂದರೆ? ನಾನೇ. ಕಾಕ ಬಡಿಯಬೇಕು, ಅತ್ತೆಗೆ ಮೊಣಕಾಲು ನೋವು. ಇವರು ಒಂದು ಸುತ್ತು ತಿರುಗುವಾಗ ಕೀಲಿಕೈಯನ್ನು ವ್ಯಾನಿನ ಕಡೆ ಎಸೆದರು. ನಾನು ಚಪ್ಪಲಿ ಬಿಟ್ಟು, ಸೀರೆ ಸಿಕ್ಕಿಸಿ, ಹಿಂಬದಿಗೆ ಓಡಿದೆ. ಅಡುಗೆಮನೆಯ ಬೀಗ ತೆಗೆಯುವಾಗ ಕೀಲಿಕೈ ಬಾಗಿಲಿಗೆಲ್ಲ ತಾಗಿತು, ತೂತಿಗೊಂದು ಬಿಟ್ಟು. ಹೇಗೋ ಒಳಗೆ ಹೋದೆ. ಬೈಠಕ್ಕಿನ ಕೋಣೆಯಲ್ಲಿ ಕಪಾಟು. ತೆಗೆದರೆ ಪಾಸ್‌ಪೋರ್ಟುಗಳ ಕಟ್ಟು. ಇವರದ್ದು, ನನ್ನದು, ಅತ್ತೆಯದ್ದು, ಕೇರಳದ ಟೈಪಿಸ್ಟನದ್ದು, ಆಂಧ್ರದ ಡ್ರೈವರನದ್ದು, ಎಲ್ಲರದ್ದೂ. ನಮ್ಮ ಮೂರನ್ನು ಮಾತ್ರ ಹೆಕ್ಕಲು ಮನಸ್ಸು ಬರಲಿಲ್ಲ. ಅವರ ಮನೆಯಲ್ಲೂ ಅಕ್ಕಿ ಡಬ್ಬಿ ನೋಡುವವರು ಇದ್ದಾರಲ್ಲ. ಮೇಜಿನ ಬಟ್ಟೆ ಎಳೆದು ಎಲ್ಲವನ್ನೂ ಗಂಟು ಕಟ್ಟಿದೆ.

ಸಿಕ್ಕಿತು ಎಂದು ತೋರಿಸಲು ಕಿಟಕಿಯಿಂದ ಗಂಟು ಎತ್ತಿ ಹಿಡಿದೆ. ಇವರು ನೋಡಿದರು. ಖುಷಿಯಲ್ಲಿ ಕುಣಿತ ನಿಲ್ಲಿಸಿಯೇಬಿಟ್ಟರು! ಸಿಂಹ ಎದ್ದು ಜಗಲಿಯಿಂದ ಒಂದು ಮೆಟ್ಟಿಲು ಇಳಿಯಿತು.

"ಕುಣೀರಿ!" ಎಂದು ನಾನು ಒಳಗಿಂದ, ಕಾಕ ಹೊರಗಿಂದ, ಒಟ್ಟಿಗೆ ಕಿರುಚಿದೆವು. ಇವರು ಮತ್ತೆ ಶುರು ಮಾಡಿದರು. ಸಿಂಹ ಮೆಟ್ಟಿಲಲ್ಲೇ ಕೂತಿತು.

ನಾನು ಬಂದ ದಾರಿಯಲ್ಲೇ ಓಡಿ ವ್ಯಾನು ಹತ್ತಿದೆ. ಈಗ ಇವರನ್ನು ಹತ್ತಿಸುವುದು ಹೇಗೆ? ನಿಂತರೆ ಸಿಂಹ ಏಳುತ್ತದೆ. ಕಾಕ ವ್ಯಾನು ಓಡಿಸಬೇಕಾದರೆ ಡಬ್ಬಿ ಬಿಡಬೇಕು. ಆಗ ಅತ್ತೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಬಡಿಯತೊಡಗಿದರು. ಕಾಕನಿಗಿಂತ ಚೆನ್ನಾಗಿ! ಹುಲಿ ಕುಣಿಯುವವನನ್ನು ಹೆತ್ತವರು, ಪೆಟ್ಟು ಗೊತ್ತಿರದೆ ಉಂಟಾ? ಕಾಕ ವ್ಯಾನನ್ನು ಇಂಚು ಇಂಚಾಗಿ ಹಿಂದೆ ಬಿಟ್ಟರು. ಪಕ್ಕದಲ್ಲಿ ಇವರು, ಸಿಂಹಕ್ಕೆ ಮುಖ ಕೊಟ್ಟು, ಹಿಂದೆ ಹಿಂದೆ ಕುಣಿಯುತ್ತಾ ಬಂದರು. ಶರ್ಟು ಒದ್ದೆ, ಉಸಿರು ತಿದಿಯ ಹಾಗೆ. ಸಿಂಹ ಹುಲಿವೇಷದ ಹಿಂದೆ ಮನೆಮನೆಗೆ ಹೋಗುವ ಮಕ್ಕಳ ಹಾಗೆ ಸ್ವಲ್ಪ ದೂರ ಬಿಟ್ಟು ನಡೆದು ಬರುತ್ತಿತ್ತು. ನಾನು ಗಂಟನ್ನು ಎದೆಗೊತ್ತಿಕೊಂಡು, ಅಮ್ಮಾ ದೇವರೇ, ಇವರ ಕಾಲಿಗೆ ಸೋಲು ಕೊಡಬೇಡ, ಇನ್ನು ಇವರಿಗೆ ಒಂದು ಮಾತು ಬೈಯುವುದಿಲ್ಲ ಎಂದು ಬೇಡಿಕೊಂಡೆ.

ಗೇಟು ದಾಟಿದೆವು. ಇವರು ಕುಣಿಯುತ್ತಲೇ ಗೇಟು ಎಳೆದರು, ಕುಣಿಯುತ್ತಲೇ ಕೊಂಡಿ ಹಾಕಿದರು, ವ್ಯಾನಿನೊಳಗೆ ಬಂದು ಬಿದ್ದರು. ಸಿಂಹ ಬೇಲಿಯ ಆಚೆ ನಿಂತು ನಾವು ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತಿತ್ತು. ಪಾಪ, ಅದಕ್ಕೂ ಬೇಜಾರಾಗಿರಬೇಕು. ನಾನು ಅತ್ತೆಯ ಎದುರೇ ಇವರ ಕೈ ಹಿಡಿದು ಕೂತೆ. ಅಳು ನಗು ಎರಡೂ ಒಟ್ಟಿಗೆ ಬಂದು ಎರಡೂ ಸರಿಯಾಗಿ ಆಗಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹೊರಟಿತು. ಇಡೀ ಆಫೀಸು ಅದರಲ್ಲಿತ್ತು, ಒಬ್ಬೊಬ್ಬರ ಕೈಯಲ್ಲೂ ಪಾಸ್‌ಪೋರ್ಟ್. ಇವರಿಗೆ ಎರಡೂ ಕಾಲು ಊದಿ, ಟೈಪಿಸ್ಟನೂ ಡ್ರೈವರನೂ ಎತ್ತಿ ಸೀಟಿಗೆ ಕೂರಿಸಿದ್ದರು. ಅತ್ತೆ ನನ್ನ ಪಕ್ಕದಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನನಗೆ ಮನಸ್ಸು ತಡೆಯಲಿಲ್ಲ. "ಅತ್ತೇ, ನಿಜ ಹೇಳಿ. ನಿನ್ನೆ ಡಬ್ಬಿ ಬಡಿಯುವಾಗ ನಿಮಗೆ ಹೆದರಿಕೆಯೇ ಆಗಲಿಲ್ಲವಾ?"

"ಆಗದೆ ಉಂಟಾ? ನನ್ನ ಕೈಕಾಲೆಲ್ಲ ತಣ್ಣಗಾಗಿತ್ತು," ಎಂದರು ಅತ್ತೆ. ಮುಂದಿನ ಸೀಟಿನಲ್ಲಿದ್ದ ಮಗನಿಗೆ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಇವನು ಎರಡು ಕಡೆ ಹೆಜ್ಜೆ ತಪ್ಪಿದ. ಸಿಂಹಕ್ಕೆ ಎಲ್ಲಿ ಗೊತ್ತಾಗಿಬಿಡುತ್ತದೋ ಅಂತ!"